ಆಷಾಢದ ಎಕ್ಸ್‌ಪೆರಿಮೆಂಟ್

ಕುಷ್ಟಗಿ, 19 ಮೇ 1936
ಬೆಳಿಗ್ಗೆ

ಪರದೆ ಬಡಿದದ್ದಾಯಿತು. ಮೂಗಿಗೆ ಸೆರಗು ಕಟ್ಟಿ, ಕೋಲು ಹಿಡಿದು, ಮೇಲಿನ ತುದಿಯಿಂದ ನೆಲದವರೆಗೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರಲ್ಲಿ ಅತ್ತೆ ಮೆಚ್ಚಿದ್ದು ಇದೊಂದನ್ನೇ. ಇಂಗ್ಲಿಷ್ ಪದ್ಯಕ್ಕೆ ಈ ಮನೆಯಲ್ಲಿ ಬೆಲೆಯಿಲ್ಲ. ಧೂಳು ಬಡಿಯುವುದಕ್ಕೆ ಇದೆ.

ನಮ್ಮ ಪರದೆ. ನಮ್ಮ ಎಂದು ಬರೆಯುವಾಗಲೇ ಕೆನ್ನೆ ಬಿಸಿ. ಮನೆ ತುಂಬ ಜನ — ಅತ್ತೆ, ಮಾವ, ಇವರ ಅಣ್ಣಂದಿರು, ಅವರ ಹೆಂಡಿರು ಮಕ್ಕಳು. ಬೇರೆ ಕೋಣೆ ಎಲ್ಲಿಂದ ಬರಬೇಕು. ಮದುವೆಗೆ ಮುಂಚೆ ಅತ್ತೆಯೇ ಔಡಲ ಕಾಳು ತುಂಬುವ ಗೋಣಿಚೀಲಗಳಲ್ಲಿ ಗಟ್ಟಿಯಾದವನ್ನು ಆರಿಸಿ, ಬಿಚ್ಚಿ, ದಬ್ಬಣದಿಂದ ಹೊಲಿದು ಪಡಸಾಲೆಯ ಮೂಲೆಗೆ ಅಡ್ಡ ಕಟ್ಟಿಸಿದರಂತೆ. ಅದರಾಚೆ ಲೋಕ, ಈಚೆ ನಾವು. ನಮ್ಮ ಕಡೆಯ ಮೈಗೆ ಬಿಳಿ ಬಟ್ಟೆ ಹೊಲಿದು ಚಿಟ್ಟೆಗಳ ಕಸೂತಿ ಹಾಕುತ್ತಿದ್ದೇನೆ. ಅರ್ಧ ಪರದೆ ಆಗಲೇ ಹಾರುತ್ತಿದೆ.

ಇವರು ಎದ್ದು ಸೀನಿದರು. ಸೀನಿದರು, ಸೀನಿದರು, ನಿಲ್ಲಲೇ ಇಲ್ಲ. ನಿಂತ ಮೇಲೆ ಎದೆಯಲ್ಲಿ ಸಣ್ಣ ಸಿಳ್ಳು. ತಹಸೀಲು ಕಚೇರಿಗೆ ಹೊರಡುವ ಹೊತ್ತಿಗೆ ಸರಿಹೋಯಿತು. ಅಲ್ಲಿ ಇವರು ಗುಮಾಸ್ತರು. ಉರ್ದುವಿನಲ್ಲಿ ಎಷ್ಟು ಚಂದ ಬರೆಯುತ್ತಾರೆ... ನನಗೆ ಒಂದಕ್ಷರ ತಿಳಿಯದಿದ್ದರೂ ಗೊತ್ತು, ಚಂದ.

ಗಂಡನ ಹೆಸರು ಬಾಯಲ್ಲಿ ಹೇಳಬಾರದು. ಬರೆಯಬಾರದು ಎಂದು ಯಾರೂ ಹೇಳಿಲ್ಲ. ಈಶಪ್ಪ. ಈಶಪ್ಪ, ಈಶಪ್ಪ.

25 ಮೇ

ಇವತ್ತಿನದು ಸಣ್ಣ ಸಿಳ್ಳಲ್ಲ. ನಸುಕಿಗೇ ಶುರು. ಮೊಣಕಾಲಿಗೆ ಕೈಯೂರಿ ಕುಳಿತು, ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದರು. ತುಟಿ ಬೂದಿ ಬಣ್ಣ. ಬೆನ್ನು ನೀವಿದೆ. ಪರದೆಯಾಚೆಯಿಂದ ಅತ್ತೆಯ ದನಿ —

"ಮತ್ತ ಹತ್ತೇತೇನವ್ವಾ ದಮ್ಮು?"

"ಹೌದ್ರಿ ಅತ್ತಿ."

"ಲಗ್ನಕ್ಕ ಮೊದ್ಲ ಸುಗ್ಗ್ಯಾಗ ನಾಕು ದಿನ ಸೀನತಿದ್ದ, ಅಷ್ಟ. ಹಿಂಗ ಇರಲಿಲ್ಲ ನನ್ನ ಮಗ."

ನೀ ಬಂದ ಮೇಲೆ ಎಂಬುದನ್ನು ನಾನೇ ಸೇರಿಸಿಕೊಂಡೆ. ಇವರು ಎರಡು ಉಸಿರಿನ ನಡುವೆ ನನ್ನ ಕಿವಿಗೆ, "ನಿನ್ನ ನೋಡಿದ್ರ ಉಸಿರಾಡೂದು ಮರೀತೈತಿ ಅಂತ ಹೇಳ್ಲೇನು ಅವ್ವಗ?" ಎಂದರು. ನಗು ಬಂತು. ನಕ್ಕದ್ದು ಆಚೆ ಕೇಳಿಸಿತು. ತಪ್ಪಾಯಿತು.

ಇದಕ್ಕೊಂದು ಹೆಸರಿದೆ. ಗಂಗಾವತಿಯಲ್ಲಿ ಅಪ್ಪನ ದವಾಖಾನೆಗೆ ಒಬ್ಬಳು ಬರುತ್ತಿದ್ದಳು, ಬದನೆಕಾಯಿ ತಿಂದರೆ ತುಟಿ ಊದುತ್ತಿತ್ತು. ಅಪ್ಪ ಹೇಳಿದ ಶಬ್ದ — ಅಲರ್ಜಿ. ಊರಿಗೆಲ್ಲ ನಿರಪಾಯವಾದ ವಸ್ತು ಒಬ್ಬರ ಮೈಗೆ ಮಾತ್ರ ಹಗೆಯಾಗಿ ಕಾಣುವುದು. ಇಲ್ಲೂ ಅಂಥದೇನೋ ಇದೆ. ಹುಡುಕುತ್ತೇನೆ. ನನ್ನಿಂದ ಆಗದ್ದೇನಿದೆ.

2 ಜೂನ್

ಮೊದಲ ಅಪರಾಧಿ ಅತ್ತೆಯ ಬೆಕ್ಕು. ಅದೇ ಆಗಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ಭಾನುವಾರ ಅದನ್ನು ಹಿಡಿದು ತಂದು ಇವರ ತೊಡೆಯ ಮೇಲೆ ಕೂರಿಸಿದೆ. ಕಟ್ಟೆಯ ಮೇಲೆ, ಒಂದು ಗಂಟೆ. ಬೆಕ್ಕು ಗುರ್ ಎನ್ನುತ್ತ ನಿದ್ದೆ ಮಾಡಿತು. ಇವರೂ ನಿದ್ದೆ ಮಾಡಿದರು. ಒಂದು ಸೀನಿಲ್ಲ.

ಎದುರು ಮನೆಯ ಹಜರತಬೀ ನೋಡುತ್ತಲೇ ಇದ್ದಳು. "ಏನ್ ಗುರುಲಿಂಗವ್ವಾ, ಕೂಸು ಆಗೂದ್ರಾಗ ಬೆಕ್ಕು ಆಡಸಾಕ ಹತ್ತೀರಿ?"

"ಇಲ್ಲ ಖಾಲಾ, ಪರೀಕ್ಷಾ ಮಾಡಾಕತ್ತೇನಿ. ಇವರಿಗೆ ದಮ್ಮು ಯಾಕ ಹತ್ತತೈತಿ ಅಂತ."

"ಹೊಸಾ ಮದಿಮಗ ನಸಕಿನ್ಯಾಗ ದಮ್ಮು ಹತ್ತಿ ಕುಂದರತಾನಂದ್ರ ಪರೀಕ್ಷಾ ಯಾಕ ಬೇಕವ್ವ, ಓಣ್ಯಾಗ ಯಾರನ್ನ ಕೇಳಿದ್ರೂ ಹೇಳತಾರ."

ಅಲ್ಲೇ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಇವರು ನಿದ್ದೆಯ ನಟನೆ ಮಾಡುತ್ತ ಹೊಟ್ಟೆ ಕುಲುಕಿಸುತ್ತಿದ್ದರು.

11 ಜೂನ್

ತೀರ್ಪು ಬಂತು.

ನಿನ್ನೆ ನಸುಕಿನಲ್ಲಿ ಇವರಿಗೆ ಮಾತೂ ಹೊರಡಲಿಲ್ಲ. ಕಣ್ಣು ನನ್ನ ಮೇಲೆ, ಕೈ ಗಾಳಿಯಲ್ಲಿ. ಇಬ್ಬರು ಅಣ್ಣಂದಿರು ಎತ್ತಿ ಹೊರಗೆ ಕಟ್ಟೆಗೆ ತಂದರು. ಬಿಸಿಲೇರುವ ಹೊತ್ತಿಗೆ ಇಳಿಯಿತು. ನಾನು ಒಲೆಯ ಮುಂದೆ ಕುಳಿತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಕುಳಿತರು. ರೊಟ್ಟಿ ತಟ್ಟುತ್ತಲೇ ಹೇಳಿದರು. ಮುಖ ನೋಡಲಿಲ್ಲ.

"ಆಷಾಢ ಹತ್ರ ಬಂತು. ಹೆಂಗೂ ನೀ ತವರಮನಿಗೆ ಹೋಗಾಕಿ. ನೀ ಇಲ್ಲದ ತಿಂಗಳದಾಗ ಅವ ನೆಟ್ಟಗ ಉಸುರಾಡಿದಾ ಅಂದ್ರ, ಶ್ರಾವಣಕ್ಕ ನಿನ್ನ ಕರಿಯಾಕ ಯಾರನ್ನೂ ಕಳಸೂದಿಲ್ಲ ನಾ."

"ಅತ್ತಿ..."

"ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ ನನಗ. ಛಲೋ ಹುಡುಗಿ ಅದಿ. ಆದ್ರ ನನಗ ಮಗ ಬೇಕು."

ಅಳಬೇಕಿತ್ತು. ಅಳುವ ಬದಲು ತಲೆ ಓಡಿತು. ಇದಕ್ಕಿಂತ ಸೈಂಟಿಫಿಕ್ ಆದ ಮಾತನ್ನು ಕಾನ್ವೆಂಟಿನಲ್ಲೂ ಕೇಳಿರಲಿಲ್ಲ. ನನ್ನನ್ನು ತೆಗೆದು ನೋಡುವುದು! ಹೊಸ ಗಂಡ ಹೆಂಡಿರನ್ನು ಆಷಾಢದಲ್ಲಿ ಅಗಲಿಸುವ ಪದ್ಧತಿಯೇ ಒಂದು ಎಕ್ಸ್‌ಪೆರಿಮೆಂಟ್ ಆಗಿಬಿಟ್ಟಿತು. ನಾನು ಕಾರಣವಲ್ಲವೆಂಬುದು ನನಗೆ ಗೊತ್ತು. ಆದ್ದರಿಂದ ಗೆಲ್ಲುವವಳು ನಾನೇ.

ಒಂದೇ ತೊಡಕು. ನಾನು ಗೆಲ್ಲಬೇಕಾದರೆ ಅಲ್ಲಿ ಇವರಿಗೆ ದಮ್ಮು ಹತ್ತುತ್ತಲೇ ಇರಬೇಕು. ಎಂಥ ಹೆಂಡತಿ ಅದನ್ನು ಬಯಸುತ್ತಾಳೆ.

ಗಂಗಾವತಿ, 20 ಜೂನ್

ತವರು. ಬತ್ತದ ಹೊಟ್ಟಿನ ವಾಸನೆ, ಅಕ್ಕಿ ಗಿರಣಿಯ ದಡಬಡ. ಅವ್ವ ಹೋಳಿಗೆ ಮಾಡಿದ್ದಾಳೆ. ಊರಿನ ಹೆಂಗಸರೆಲ್ಲ ಬಂದು ಅಳಿಯ ಹೇಗೆ, ಅತ್ತೆ ಹೇಗೆ ಎಂದು ಕೇಳಿದರು. ಅಳಿಯ ಚಂದ್ರ, ಅತ್ತೆ ಚಿನ್ನ ಎಂದೆ. ಅಪ್ಪನಿಗೆ ಮಾತ್ರ ನಿಜ ಹೇಳಿದೆ.

ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಹಾಗೆಂದು ಬಿಡಲೂ ಇಲ್ಲ, ಮೂರು ತಿಂದೆ.

27 ಜೂನ್

ಕುಷ್ಟಗಿಯಿಂದ ಮೋಟಾರು ಓಡಿಸುವ ಕಾಸೀಮಸಾಬ ಮನೆ ಮುಂದೆ ನಿಲ್ಲಿಸಿ ಹಾರ್ನು ಹೊಡೆದ. ಮುಖದ ತುಂಬ ನಗು.

"ಖುಷಿ ಸುದ್ದಿ ತಂದೀನಿ ತಂಗಿ. ನಿಮ್ಮ ಯಜಮಾನ್ರು ಹುಲಿ ಆಗ್ಯಾರ. ನಿನ್ನಿ ಹೊಂಟ ಮೋಟಾರಿನ ಹಿಂದ ಓಡಿ ಹತ್ತಿದ್ರು. ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ. ನಿಮ್ಮ ಅತ್ತಿಯಂತೂ ಓಣಿಗೆಲ್ಲಾ ಸಕ್ಕರಿ ಹಂಚೋದೊಂದ ಬಾಕಿ."

ಅವನಿಗೆ ಚಹಾ ಕೊಟ್ಟೆ. ಅವನು ಹೋದ ಮೇಲೆ ಅತ್ತೆ. ಅಂದರೆ ಕಣ್ಣೀರು ಹಾಕಿದೆ. ಬಚ್ಚಲಲ್ಲಿ, ನೀರು ಸುರಿಯುವ ಸದ್ದಿನಲ್ಲಿ. ಗಂಡ ಆರೋಗ್ಯವಾಗಿದ್ದಾನೆಂದು ಅತ್ತ ಹೆಂಡತಿ ಗಂಗಾವತಿಯಲ್ಲಿ ನಾನೊಬ್ಬಳೇ ಇರಬೇಕು.

ಅಪ್ಪ ಬಾಗಿಲಾಚೆ ನಿಂತು ಕೇಳಿದರು. "ಅಳೂದು ಮುಗೀತನು? ಮುಗದಿದ್ರ ಒಂದು ಮಾತು ಹೇಳು. ಆ ಮನಿಂದ ನೀ ಒಬ್ಬಾಕಿನ ಬಂದಿ ಏನು? ನಿನ್ನ ಕೂಡ ಮತ್ತೇನರ ಹೊರಗ ಬಂದೈತೇನು?"

ಟ್ರಂಕು! ಅಳು ನಿಂತಿತು.

3 ಜುಲೈ

ಅಪ್ಪನ ಜರ್ನಲ್‌ಗಳನ್ನು ಓದಿ ಓದಿ ಕಣ್ಣು ಉರಿ. ಪರದೇಶದ ಡಾಕ್ಟರುಗಳು ಏನೇನು ಕಂಡುಹಿಡಿದಿದ್ದಾರೆ. ಕುದುರೆಯ ಕೂದಲು, ಕೋಳಿಯ ಪುಕ್ಕ, ಹೆಂಗಸರು ಮುಖಕ್ಕೆ ಹಚ್ಚುವ ಪೌಡರಿನಲ್ಲಿರುವ ಯಾವುದೋ ಬೇರಿನ ಪುಡಿ. ಹೆಂಡತಿಯ ಪೌಡರಿನಿಂದ ಗಂಡನಿಗೆ ಉಬ್ಬಸ! ಓದಿ ಎದ್ದು ಕುಣಿದೆ. ನನ್ನ ಟ್ರಂಕಿನಲ್ಲಿ ಅದೇ ಇದೆ, ಮದ್ರಾಸಿನಿಂದ ತರಿಸಿದ್ದು.

ಡಬ್ಬಿಯನ್ನು ಕಾಸೀಮಸಾಬನ ಕೈಯಲ್ಲಿ ಕಳಿಸಿದೆ. ಮೂಸಿ ನೋಡಿ ತಿಳಿಸಬೇಕೆಂದು ಚೀಟಿ. ಇವತ್ತು ಡಬ್ಬಿ ವಾಪಸು ಬಂತು, ಕಾಸೀಮಸಾಬನ ಬಾಯಲ್ಲಿ ವರದಿ.

"ಮೂಸಿದ್ರು. ಏನೂ ಆಗಲಿಲ್ಲ. ಖಾತ್ರಿಗಂತ ಮಾರಿಗೆ ಹಚಗೊಂಡು ಕಚೇರಿಗೆ ಹೋಗ್ಯಾರ್ರಿ. ಪೇಶ್ಕಾರ ಸಾಹೇಬ್ರು ನಾಟಕ ಎಂದು ಐತಿ ಅಂತ ಕೇಳಿದ್ರಂತ."

ಆ ಪೌಡರಿನ ಮುಖವನ್ನು ನೋಡಲಿಲ್ಲವಲ್ಲ ನಾನು. "ಮತ್ತೇನಂದ್ರು?"

"ಮತ್ತೇನಿಲ್ಲ. ಈಗ ಹೊರಗ ಕಟ್ಟಿ ಮ್ಯಾಲ ಮಲಗತೀನಿ, ಲಗ್ನಕ್ಕ ಮೊದ್ಲ ಮಲಗತಿದ್ದೆನಲ್ಲ ಹಂಗ, ಆಕಾಶದಾಗಿನ ಚಿಕ್ಕಿ ನೋಡಕೋತ ನಿಮ್ಮನ್ನ ನೆನಸತೀನಿ ಅಂತ ಹೇಳಂದ್ರು. ನನಗ ಹೇಳಾಕ ನಾಚಿಕಿ ಬಂತ್ರಿ."

ಕಟ್ಟೆ. ಮದುವೆಗೆ ಮುಂಚೆ ಕಟ್ಟೆ, ಈಗ ಕಟ್ಟೆ. ನಾನಿದ್ದಾಗ ಮಾತ್ರ ಒಳಗೆ, ಮೂಲೆಯಲ್ಲಿ. ನಾನು ಬಿಟ್ಟುಬಂದದ್ದು ಇವರನ್ನು, ಇವರು ಬಿಟ್ಟದ್ದು ಆ ಮೂಲೆಯನ್ನು. ಎರಡೂ ಒಂದೇ ದಿನ ಬದಲಾದವು. ಅತ್ತೆಗೆ ಒಂದು ಮಾತ್ರ ಕಂಡಿತು.

ಅಪ್ಪನನ್ನು ಎಬ್ಬಿಸಿ ಹೇಳಿದೆ. ಮಧ್ಯಾಹ್ನದ ನಿದ್ದೆ ಕೆಟ್ಟರೂ ಬೈಯಲಿಲ್ಲ. "ಅಳಿಯಂದ್ರನ್ನ ಕರಸು" ಎಂದರು.

6 ಜುಲೈ

ನಾನು ಬರೆದು ಕೇಳಿದಂತೆ ಆ ಮೂಲೆಯಲ್ಲಿ ಇರುವುದೆಲ್ಲ ಚೂರು ಚೂರು ಪೊಟ್ಟಣ ಕಟ್ಟಿ ಬಂದಿದೆ. ಕಳಿಸಿದವರು ಮಾವ, ದೇವೇಂದ್ರಪ್ಪನವರು. ಮನೆಯಲ್ಲಿ ಬಾಯಿ ಬಿಡದ ಮನುಷ್ಯ, ಅತ್ತೆ ಹೊಲಕ್ಕೆ ಹೋದಾಗ ಕೆಲಸ ಮುಗಿಸಿದ್ದಾರೆ. ಹೊದೆಯುವ ಕೌದಿಯ ನೂಲು. ದಿಂಬಿನ ಅರಳೆ. ಗೋಡೆಯ ಸುಣ್ಣ. ಪರದೆಯ ಗೋಣಿತಟ್ಟಿನಿಂದ ಉದುರಿಸಿದ ಧೂಳು. ಬೆಕ್ಕಿನ ಕೂದಲು ನೋಡಿದರೆ ಆ ಪ್ರಾಣಿ ಈಗ ಬೋಳಾಗಿರಬೇಕು.

ವಿಧಾನ ಹೀಗೆ. ಒಂದೊಂದನ್ನೂ ಉಪ್ಪುನೀರಿನಲ್ಲಿ ನೆನೆಸಿ ಸೋಸಬೇಕು. ಮುಂಗೈಯ ಮೇಲೆ ಸೂಜಿಯಿಂದ ಸಣ್ಣಗೆ ಗೀರಿ ಒಂದು ಹನಿ ಇಡಬೇಕು. ಹಗೆಯಾದ ವಸ್ತುವಾದರೆ ಸ್ವಲ್ಪ ಹೊತ್ತಿಗೆ ಅಲ್ಲಿ ಸೊಳ್ಳೆ ಕಚ್ಚಿದ ಹಾಗೆ ದದ್ದು ಏಳುತ್ತದೆ. ಅಷ್ಟೇ. ಎಷ್ಟು ಸುಲಭ, ಎಷ್ಟು ಸುಂದರ.

ಬಾಟಲಿ ತುಂಬುವ ಕೆಲಸ ನನ್ನದು. "ಒಂದೊಂದು ಚಿಟಿಕಿ ಅಷ್ಟ" ಎಂದು ಅಪ್ಪ ಎರಡು ಸಲ ಹೇಳಿದರು. ಹಾಗೇ ಮಾಡಿದೆ. ಪರದೆಯದು ಮಾತ್ರ ಇಡೀ ಪೊಟ್ಟಣ ಸುರಿದೆ. ಅದರ ಮೇಲೆ ನನಗೆ ಅನುಮಾನವೇ ಇಲ್ಲ. ನಮ್ಮ ಪರದೆ, ನಾನು ದಿನಾ ಬಡಿದು ಚೊಕ್ಕಟ ಮಾಡಿದ್ದು. ಎಷ್ಟು ಗಟ್ಟಿ ನೀರು ಹಾಕಿದರೂ ಏನೂ ಆಗಲಿಲ್ಲವೆಂದು ತೋರಿಸಿ ಒಮ್ಮೆಗೇ ಬಿಡುಗಡೆ ಮಾಡಿಸಬೇಕು.

ನನ್ನ ಊಹೆ ಕೌದಿ. ಅದು ಅತ್ತೆಯ ತಾಯಿಯ ಕಾಲದ್ದು.

7 ಜುಲೈ
ಬೆಳಿಗ್ಗೆ, ದವಾಖಾನೆ

ಬಂದಿದ್ದಾರೆ! ಆಷಾಢದಲ್ಲಿ ಅತ್ತೆ ಅಳಿಯ ಒಂದೇ ಬಾಗಿಲು ದಾಟಬಾರದು. ಅದಕ್ಕೆ ಅವ್ವ ಹಿತ್ತಲ ಬಾಗಿಲಲ್ಲೇ ಓಡಾಡುತ್ತಿದ್ದಾಳೆ. ಇವರು ಬೀದಿಗೆ ತೆರೆಯುವ ಬಾಗಿಲಿಂದ ಬಂದರು. "ಇದು ಮನಿ ಅಲ್ಲ, ದವಾಖಾನಿ. ಪೇಶೆಂಟಿಗೆ ಆಷಾಢ ಇಲ್ಲ" ಎಂದು ಅಪ್ಪ ನಕ್ಕರು. ನಾನು ಅಡ್ಡ ಹಲಗೆಯ ಹಿಂದೆ. ಮುಖ ನೋಡುವ ಹಾಗಿಲ್ಲ. ಕೈ ಮಾತ್ರ ಕಾಣುತ್ತದೆ, ಮೇಜಿನ ಮೇಲೆ ಮಲಗಿದ ಮುಂಗೈ. ಸಾಕು.

ಇವರು ಅಕ್ಕಿಯ ಗೋಣಿಚೀಲದ ಮೇಲೆ ಕುಳಿತಿದ್ದಾರೆ, ಕುರ್ಚಿ ಬೇಡವಂತೆ. ಫೀಸಿಗೆ ಬದಲು ಯಾರೋ ಕೊಟ್ಟ ಅಕ್ಕಿ.

ಬರೀ ಉಪ್ಪುನೀರು — ಏನಿಲ್ಲ. ಬೆಕ್ಕು — ಏನಿಲ್ಲ. ದಿಂಬು — ಏನಿಲ್ಲ. ಸುಣ್ಣ — ಇಲ್ಲ. ಕೌದಿ — ಕಾಯುತ್ತಿದ್ದೇವೆ... ಕೆಂಪೂ ಇಲ್ಲ. ಛೆ.

ಹಲಗೆಯಾಚೆಯಿಂದ, "ಒಳಗಿರೋ ಕಂಪೌಂಡರಿಗೆ ಹೇಳ್ರಿ ಮಾವಾರ, ಹಸಿವಿ ಆಗೈತಂತ." ಕಂಪೌಂಡರಂತೆ.

ಉಳಿದದ್ದು ಪರದೆ. ಲೆಕ್ಕಕ್ಕಷ್ಟೆ. ಅಪ್ಪ ಗೀರಿದರು. ಇದಾದ ಮೇಲೆ ಊಟ. ಅವ್ವ ಹಿತ್ತಲಿಂದ ಶ್ಯಾವಿಗೆ ಕಳಿಸಿ

9 ಜುಲೈ

ಎರಡು ದಿನ ಪೆನ್ಸಿಲು ಮುಟ್ಟಲಿಲ್ಲ. ಈಗ ಬರೆಯಬಹುದು.

ದದ್ದು ಸೊಳ್ಳೆ ಕಚ್ಚಿದಷ್ಟಿರಲಿಲ್ಲ. ನೋಡುತ್ತಿದ್ದ ಹಾಗೇ ರೂಪಾಯಿಯಷ್ಟಾಯಿತು, ಅಂಚಿನಲ್ಲಿ ಬೇರು ಬಿಟ್ಟ ಹಾಗೆ ಹರಡಿತು. ನಾನು ಹಲಗೆಯ ಹಿಂದೆ ಖುಷಿಯಿಂದ ಚಪ್ಪಾಳೆ ತಟ್ಟಿದೆ. ಹೌದು, ತಟ್ಟಿದೆ. ಅಷ್ಟರಲ್ಲಿ ಒಂದು ಸೀನು. ಆಮೇಲೆ ಇವರ ದನಿ, ಹತ್ತಿಯಲ್ಲಿ ಸುತ್ತಿದ ಹಾಗೆ — "ಮಾವಾರ, ಗಂಟಲಾ..."

ಹಲಗೆ ತಳ್ಳಿ ಓಡಿದೆ. ಆಷಾಢ ಎಲ್ಲಿ ಹೋಯಿತೋ. ಕಣ್ಣು ಮುಚ್ಚುವಷ್ಟು ಮುಖ ಊದಿತ್ತು. ಕುತ್ತಿಗೆಯೆಲ್ಲ ಕೆಂಪು ದದ್ದು. ಉಸಿರು ಒಳಗೆ ಹೋಗುವುದು ಕೇಳುತ್ತಿತ್ತು, ಹೊರಗೆ ಬರುವುದು ಕೇಳುತ್ತಿರಲಿಲ್ಲ. ಅಪ್ಪ ಆಗಲೇ ಹನಿ ಒರೆಸಿ, ಗೀರಿಗಿಂತ ಮೇಲೆ, ರಟ್ಟೆಗೆ ಪಟ್ಟಿ ಬಿಗಿದಿದ್ದರು. ಅಡ್ರಿನಲಿನ್ ತುಂಬಿದ ಸಿರಿಂಜು ಮೊದಲೇ ತಟ್ಟೆಯಲ್ಲಿತ್ತು. ಅಪ್ಪ ಹಾಗೆ, ಬೇಕಾಗದಿದ್ದರೂ ತುಂಬಿಡುವವರು. ಚುಚ್ಚಿದರು. ಏನೂ ಆಗಲಿಲ್ಲ. ಮತ್ತೆ ಚುಚ್ಚಿದರು. ನಾನು ಇವರ ಹೆಸರು ಹಿಡಿದು ಕೂಗುತ್ತಿದ್ದೆನಂತೆ, ಬೀದಿಗೆ ಕೇಳುವ ಹಾಗೆ. ಅವ್ವ ಹೇಳಿದಳು. ನನಗೆ ನೆನಪಿಲ್ಲ.

ಆಮೇಲೆ ಒಂದು ದೊಡ್ಡ ಉಸಿರು. ಹೊರಗೆ. ಅದರ ಹಿಂದೆ ಇನ್ನೊಂದು.

ಸಂಜೆ ಅಪ್ಪ ಸಿರಿಂಜು ತೊಳೆಯುತ್ತ ಕೇಳಿದರು. "ಎಷ್ಟು ಹಾಕಿದ್ದಿ?"

"ಎಲ್ಲಾ."

ಬೈದಿದ್ದರೆ ಚೆನ್ನಾಗಿತ್ತು. "ಇನ್ನ ಮ್ಯಾಲ ಬಾಟಲಿ ನಾ ತುಂಬತೀನಿ" ಎಂದಷ್ಟೇ ಅಂದರು. ಅದಕ್ಕೇ ಮತ್ತಷ್ಟು ನೀರು ಬೆರೆಸಿ ತೆಳು ಮಾಡಿ ನನಗೂ ತಮಗೂ ಗೀರಿದರು. ನಮ್ಮಿಬ್ಬರ ಕೈಗಳೂ ಸುಮ್ಮನಿದ್ದವು. ಗೋಣಿ ಕಾರಣವಲ್ಲ, ಗೋಣಿಯ ಮೇಲೆಯೇ ಇವರು ಕುಳಿತಿದ್ದರಲ್ಲ. ಗೋಣಿಯಲ್ಲಿ ಇದ್ದದ್ದು. ಔಡಲ. ಹಳೆಯ ಜರ್ನಲೊಂದನ್ನು ಅಪ್ಪ ತೆಗೆದು ತೋರಿಸಿದರು — ಅಮೇರಿಕದ ಒಂದು ಊರಿನಲ್ಲಿ ಔಡಲೆಣ್ಣೆಯ ಗಿರಣಿಯಿಂದ ಗಾಳಿ ಬೀಸುವ ಕಡೆಯ ಮನೆಗಳವರಿಗೆಲ್ಲ ದಮ್ಮು.

ಅಂದರೆ ನಾನು ದಿನಾ ಬೆಳಿಗ್ಗೆ ಕೋಲು ಹಿಡಿದು ಇವರ ತಲೆಯ ಮೇಲೆ ಅದನ್ನೇ ಸುರಿಯುತ್ತಿದ್ದೆ. ಅತ್ತೆಯ ಮಾತು ಪೂರ್ತಿ ತಪ್ಪಾಗಿರಲಿಲ್ಲ. ಈ ವಾಕ್ಯವನ್ನು ಹೊಡೆದುಹಾಕಿ, ಮತ್ತೆ ಬರೆದೆ.

ಆದರೂ ಸಿಕ್ಕಿತು. ಕಾರಣ ಸಿಕ್ಕಿತು. ಇವರು ಇವತ್ತಿನ ಮೋಟಾರಿಗೆ ಹೋದರು, ನಡೆದೇ ಹೋದರು. ಹೋಗುವಾಗ, "ನನ್ನ ಹೆಸರು ನಿನ್ನ ಬಾಯಾಗ ಛಲೋ ಕೇಳತೈತಿ" ಎಂದರು.

13 ಜುಲೈ

ಅತ್ತೆ ಬಂದರು. ಕಾಸೀಮಸಾಬನ ಮೋಟಾರಿನಿಂದ ಇಳಿದು ನೇರ ದವಾಖಾನೆಗೆ. ಹೊಸಿಲ ಹೊರಗೆ ನಿಂತು, "ಯಾರ ಬಾಗಲಾ ಇದು, ಮನೀದೋ ದವಾಖಾನೀದೋ?"

"ದವಾಖಾನೀದ್ರಿ ಅತ್ತಿ."

"ಹಂಗಾರ ಒಳಗ ಬರತೀನಿ. ಆಷಾಢದಾಗ ಸೊಸಿ ಮಾರಿ ನೋಡಬಾರದು. ಅತ್ಲಾಗ ತಿರುಗಿ ನಿಂದರು."

ಔಷಧದ ಬೀರುವಿನ ಕಡೆ ತಿರುಗಿ ನಿಂತೆ. ಬೀರುವಿನ ಗಾಜಿನಲ್ಲಿ ಅವರು ಪೂರ್ತಿ ಕಾಣುತ್ತಿದ್ದರು. ಕಣ್ಣು ಮುಚ್ಚಿಕೊಂಡೆ. ಆದ್ದರಿಂದ ಇಲ್ಲಿ ಬರೆಯುವುದೆಲ್ಲ ಕೇಳಿದ್ದು.

"ಡಾಕ್ಟರ, ನನ್ನ ಮಗನ್ನ ಕೊಂದು ಉಳಿಸೀರಂತ. ಕಾಸೀಮ ಊರೆಲ್ಲಾ ಸಾರ್ಯಾನ."

"ಖರೇ ಐತ್ರಿ ಬೀಗತಿಯವರ. ತಪ್ಪು ನಮ್ಮದ."

"ಔಡಲ ನಮ್ಮ ಮನಿಗೆ ಮೂರು ತಲಿಯಿಂದ ಅನ್ನ ಹಾಕೇತಿ. ಅದರ ಎಣ್ಣಿ ನೆತ್ತಿಗೆ ಒತ್ತಿ ಬೆಳಸೀನಿ ಅವನ್ನ. ಈಗ ಅದ ವಿಷ ಅಂತೀರಿ. ಗೀರಿದ್ರ ಯಾರ ಕೈಗಾದ್ರೂ ಬಾವು ಬರತೈತಿ. ನನಗ ಗೀರ್ರಿ, ನೋಡೂಣು."

ಬಳೆ ಮೇಲೆ ಸರಿಸಿದ ಸದ್ದು. ಅಪ್ಪ ಬಾಟಲಿ ಎತ್ತಿದ ಸದ್ದು. ತೆಳು ಮಾಡಿದ ನೀರು ಎಂದು ಗೊತ್ತಿದ್ದರೂ ಬೀರುವಿನ ಅಂಚು ಹಿಡಿದುಕೊಂಡೆ. ಹೊರಗೆ ಗಿರಣಿ ಓಡುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ —

"ಇಷ್ಟನ? ನನಗೇನೂ ಆಗಲಿಲ್ಲಲ್ಲ. ಇಷ್ಟಕ್ಕ ಅವಗ ಹಂಗಾತನು?"

"ಇಷ್ಟಕ್ಕರಿ. ನಿಮ್ಮ ಮೈಗೆ ಅದು ಧೂಳು. ಅವರ ಮೈಗೆ ಮಾತ್ರ ಹಗಿ. ಎಣ್ಣಿ ಅಲ್ರಿ, ಕಾಳಿನ ಧೂಳು. ಚೀಲದಾಗ ಉಳಿದಿರತೈತಿ."

ಬಳೆ ಮತ್ತೆ ಕೆಳಗಿಳಿದ ಸದ್ದು. ಆಮೇಲೆ ಬಂದ ದನಿ ಅತ್ತೆಯದು ಹೌದೋ ಅಲ್ಲವೋ ಎನ್ನುವಂತಿತ್ತು.

"ಸುಗ್ಗ್ಯಾಗ ಕಣಕ್ಕ ಹೊತಗೊಂಡು ಹೋಗತಿದ್ನಿ. ಆಡೂ ಕೂಸು. ಔಡಲ ಚೀಲದ ಮ್ಯಾಲ ಮಲಗಿಸಿದ್ರ ಚೀರತಿದ್ದ. ಮೂಗು ಕಣ್ಣು ಸೋರಿಸಿಕೋತ ಚೀರತಿದ್ದ. ಹಟಮಾರಿ ಅಂತ ಹೊಡದೀನಿ ನಾ. ಹೊಡದು ಅಲ್ಲೇ ಮಲಗಿಸೀನಿ."

ತಿರುಗಲು ಹೋದೆ.

"ತಿರುಗಬ್ಯಾಡ ನೀ. ಆಷಾಢ ಐತಿ."

ತಿರುಗಲಿಲ್ಲ. ಬೀರುವಿಗೆ ಹೇಳಿದೆ, "ಅತ್ತಿ, ದಿನಾ ಅದನ್ನ ಬಡಿದಾಕಿ ನಾನು."

"ಹೊಲದಾಕಿ ನಾನು. ಲೆಕ್ಕ ಹಚ್ಚಬ್ಯಾಡ."

ಮೋಟಾರು ಹಾರ್ನು ಹೊಡೆಯಿತು. ಹೋದರು. ಶ್ರಾವಣದ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

20 ಜುಲೈ

ಶ್ರಾವಣ ಕೂಡಿದೆ. ನಿನ್ನೆ ಯಾರೂ ಬರಲಿಲ್ಲ. ಅವ್ವ ನನ್ನ ಮುಖ ನೋಡದೆ ಓಡಾಡಿದಳು. ಬರುತ್ತಾರೆ ಎಂದು ನಾನೇ ಅವ್ವನಿಗೆ ಧೈರ್ಯ ಹೇಳಿದೆ. ಟ್ರಂಕು ಕಟ್ಟಿಟ್ಟೆ. ಯಾರೂ ಕರೆಯದಿದ್ದರೆ ನಾನೇ ಮೋಟಾರು ಹತ್ತುವವಳು, ಅದನ್ನೂ ನಿಶ್ಚಯಿಸಿದ್ದೆ.

ಇವತ್ತು ಮಧ್ಯಾಹ್ನ ಮಾವ ಬಂದರು. ಕೈಯಲ್ಲಿ ಸೀರೆ, ಕುಬಸ. ತಡವಾಗಿದ್ದಕ್ಕೆ ಕಾರಣ ಕೇಳಿದರೆ, "ಮಣ್ಣು ಕಲಸಾಕ ಹತ್ತಿದ್ವಿ" ಎಂದರು. ನಾಳೆಯ ಮೋಟಾರಿಗೆ ಹೊರಡುತ್ತೇವೆ.

ಕುಷ್ಟಗಿ, 22 ಜುಲೈ

ಪರದೆ ಇಲ್ಲ. ಚಿಟ್ಟೆಗಳ ಸಮೇತ ಹೊಲದ ತಿಪ್ಪೆಯಲ್ಲಿ ಹೂತಿದ್ದಾರೆ. ಔಡಲದ ಚೀಲಗಳೆಲ್ಲ ಊರ ಹೊರಗಿನ ಕೊಟ್ಟಿಗೆಗೆ ಹೋದವು. ಪಡಸಾಲೆಯ ನೆಲ, ತೊಲೆ, ಮೂಲೆ ಎಲ್ಲ ತೊಳೆದು ಸಾರಿಸಿದ್ದಾರೆ. ಪರದೆಯ ಜಾಗದಲ್ಲಿ ಅತ್ತೆ ಮಣ್ಣಿನ ಗೋಡೆ ಎಬ್ಬಿಸಿದ್ದಾರೆ. ಅದಕ್ಕೆ ಒಂದು ಸಣ್ಣ ಬಾಗಿಲೂ ಉಂಟು. ಅಂದರೆ ನಮಗೆ ಕೋಣೆ. ನಿಜವಾದ ಕೋಣೆ!

ಗೋಡೆ ಇನ್ನೂ ಹಸಿ. ಹಸಿ ಗೋಡೆಯ ಪಕ್ಕ ಎದೆಯ ರೋಗದವನು ಮಲಗಬಾರದು ಎಂದು ಅತ್ತೆಯ ಅಪ್ಪಣೆ. ಅದು ಒಣಗುವವರೆಗೆ ಇವರು ಹೊರಗೆ ಕಟ್ಟೆಯ ಮೇಲೆ. ನಾನು ಅಡುಗೆಮನೆಯಲ್ಲಿ, ಅತ್ತೆಯ ಮಗ್ಗುಲಲ್ಲಿ. ಒಂದೇ ಮನೆಯಲ್ಲಿ ಆಷಾಢ ಮುಂದುವರಿದಿದೆ.

ಹಜರತಬೀ ಬಂದು ಗೋಡೆ ಮುಟ್ಟಿ ನೋಡಿದಳು. "ಈ ಮಳಿಗಾಲದಾಗ ಇದು ಒಣಗೂದ್ರಾಗ ನಿಮಗ ಮೊಮ್ಮಕ್ಕಳ ವಯಸ್ಸು ಬರತೈತಿ."

27 ಜುಲೈ

ಒಲೆಯ ಕೆಂಡ ತಂದು ಗೋಡೆಯ ಬುಡಕ್ಕೆ ಇಟ್ಟೆ. ಯಾರಿಗೂ ಕಾಣದ ಹಾಗೆ. ಸ್ವಲ್ಪ ಹೊತ್ತಿಗೆ ಇವರೂ ಕಚೇರಿಯಿಂದ ಬಂದು ಯಾರಿಗೂ ಕಾಣದ ಹಾಗೆ ಇನ್ನೊಂದು ಕುಂಡ ಕೆಂಡ ತಂದರು. ಬಾಗಿಲಲ್ಲಿ ಡಿಕ್ಕಿ ಹೊಡೆದೆವು.

ಅತ್ತೆ ದಿನಾ ಸಂಜೆ ಗೋಡೆಗೆ ಅಂಗೈ ಒತ್ತಿ ನೋಡುತ್ತಾರೆ. "ಹಸಿ ಐತಿ." ನನ್ನ ಕೈಗೆ ಒಣಗಿದಂತೆಯೇ ಕಾಣುತ್ತದೆ. ಹೆದರಿದ್ದಾರೆ. ಗೋಡೆಗಲ್ಲ. ಒಳಗೆ ಮಲಗಿದ ಮೊದಲ ನಸುಕಿಗೆ. ಅವತ್ತು ದಮ್ಮು ಹತ್ತಿದರೆ ಕಾರಣ ಔಡಲ ಅಲ್ಲ, ನಾನು. ಆಗ ನನ್ನನ್ನು ಏನು ಮಾಡಬೇಕೆಂಬುದು ಅವರಿಗೂ ಗೊತ್ತಿಲ್ಲ.

ನನಗೆ ಹೆದರಿಕೆ ಇಲ್ಲ. ಇಲ್ಲವೇ ಇಲ್ಲ.

ಸ್ವಲ್ಪ.

30 ಜುಲೈ
ನಸುಕು

ನಿನ್ನೆ ಸಂಜೆ ಅತ್ತೆ ಅಂಗೈ ಒತ್ತಿದರು, ತೆಗೆದರು. ಕಟ್ಟೆಗೆ ಹೋಗಿ ಇವರ ಹಾಸಿಗೆ ಸುತ್ತಿ, ತಾವೇ ಹೊತ್ತು ತಂದು ಒಳಗೆ ಹಾಸಿದರು.

ಈಗ ಕಿಟಕಿ ಬೆಳ್ಳಗಾಗುತ್ತಿದೆ. ಹಿಂದೆಲ್ಲ ಸಿಳ್ಳು ಶುರುವಾಗುತ್ತಿದ್ದ ಹೊತ್ತು. ಇವರು ಬೋರಲಾಗಿ ಮಲಗಿದ್ದಾರೆ. ನಾನು ಎಚ್ಚರ. ಗೋಡೆಯಾಚೆ ಬಳೆಯ ಸಣ್ಣ ಸದ್ದು. ಅಲ್ಲಿಯೂ ಯಾರೋ ಎಚ್ಚರ. ಗೋಡೆಗೆ ಕಿವಿ ಕೊಟ್ಟು ಕುಳಿತಿರಬೇಕು.

ಪಿಸುಮಾತು ಬಂತು. "ಗುರುಲಿಂಗಾ... ಹೆಂಗ ಅದಾನ?"

"ನಿದ್ದಿ ಹತ್ತೇತ್ರಿ ಅತ್ತಿ."

"ಬೆನ್ನಿಗೆ ಕಿವಿ ಇಟ್ಟು ನೋಡು."

ಇಟ್ಟೆ. ಬೆನ್ನು ಬೆಚ್ಚಗಿತ್ತು. ಏರಿತು, ಇಳಿಯಿತು. ಒಳಗೆ ಏನೂ ಇಲ್ಲ. ಬರೀ ಗಾಳಿ, ಹೋಗಿ ಬರುವ ಗಾಳಿ. "ಏನೂ ಕೇಳಿಸವಲ್ದ್ರಿ" ಎಂದೆ. ಆಚೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು. ಆಮೇಲೆ, "ಹಂಗಾರ ಇವತ್ತು ನೀ ಲಗೂನ ಏಳಬ್ಯಾಡ. ಕಸಾ ನಾ ಹೊಡೀತೀನಿ."

ಇವರು ಮಗ್ಗುಲಾದರು. ಕಣ್ಣು ಬಿಟ್ಟಿಲ್ಲ, ಆದರೆ ತುಟಿಯ ಮೇಲೆ ನಗು. ಎಷ್ಟು ಹೊತ್ತಿನಿಂದ ಎಚ್ಚರವೋ. ಕೈ ಚಾಚಿ ನನ್ನ ಪೆನ್ಸಿಲು ಕಸಿ —